ಪದ ಸಾಲ ಸಿಗುತ್ತದೆ, ಬಾಲ ಸಿಗುವುದಿಲ್ಲ

ಓದುಗರ ಪತ್ರ: ‘ಮಗಳ ಮನೆಗೆಂದು ಬಾಲಿಗೆ ಹೋಗಿದ್ದೆ. ಅಲ್ಲಿನವರು ಗಂಡನಿಗೆ ಸುಆಮಿ, ಹೆಂಡತಿಗೆ ಇಸ್ತ್ರಿ, ಭೂಮಿಗೆ ಬುಮಿ ಎನ್ನುತ್ತಾರೆ. ಇಂಡೊನೇಷ್ಯಾದ ಭಾಷೆ ಸಂಸ್ಕೃತದ ಮಗಳೇ ಅಲ್ಲವೇ? ‘ನನ್ನ ಮನೆ’ಗೆ ‘ರುಮಾಕು’ ಎನ್ನುತ್ತಾರೆ. ಆ ‘ಕು’ ತೆಲುಗಿನ ‘ನಾಕು’, ತಮಿಳಿನ ‘ಎನಕ್ಕು’, ನಮ್ಮ ‘ನನಗೆ’ ಇವುಗಳ ಅಣ್ಣತಮ್ಮನೇ ಇರಬೇಕು. ನಮ್ಮ ವಿದ್ವಾಂಸರು ಇದನ್ನೆಲ್ಲ ಯಾಕೆ ಹೇಳುವುದಿಲ್ಲ?’
– ನಿವೃತ್ತ ಶಿಕ್ಷಕರು, ತೀರ್ಥಹಳ್ಳಿ

ಸಂಪಾದಕರ ಉತ್ತರ:

ಮೇಷ್ಟ್ರೇ, ಬಾಲಿಗೆ ಹೋದವರು ಕಡಲತೀರದ ಫೋಟೊ ಕಳಿಸುತ್ತಾರೆ. ನೀವು ಒಂದು ಪ್ರತ್ಯಯ ಹಿಡಿದುಕೊಂಡು ಬಂದಿದ್ದೀರಿ. ಈ ಅಂಕಣ ನಡೆಯುತ್ತಿರುವುದೇ ಇಂಥ ಓದುಗರಿಂದ. ಹಾಗಾಗಿ ಬೈಯುವುದನ್ನು ಸ್ವಲ್ಪ ಮೆತ್ತಗೇ ಬೈಯುತ್ತೇನೆ.

ಪದಗಳ ವಿಷಯದಲ್ಲಿ ನಿಮ್ಮ ಮಾತು ಸರಿ. ಸ್ವಾಮಿಯೇ ಸುಆಮಿ, ಸ್ತ್ರೀಯೇ ಇಸ್ತ್ರಿ. ಗುರು, ರಾಜ, ಪುತ್ರ, ನಾಮ ಎಲ್ಲವೂ ನಮ್ಮ ಕಡೆಯಿಂದ ಹೋದವೇ. ಆದರೆ ಅದೇ ಭಾಷೆಯಲ್ಲಿ ಕುರ್ಚಿಗೆ ‘ಕುರ್ಸಿ’, ಅದು ಅರಬ್ಬಿ. ಮೇಜಿಗೆ ‘ಮೆಜಾ’, ಅದು ಪೋರ್ಚುಗೀಸ್. ಆಫೀಸಿಗೆ ‘ಕಂತೋರ್’, ಅದು ಡಚ್. ಪದ ಎಣಿಸಿ ತಾಯಿಯನ್ನು ಹುಡುಕಲು ಹೊರಟರೆ ಆ ಭಾಷೆಗೆ ನಾಲ್ಕೈದು ತಾಯಂದಿರು ಸಿಗುತ್ತಾರೆ.

ಈಗ ನಿಮ್ಮ ‘ಕು’ಗೆ ಬರೋಣ. ‘ನನಗೆ’ ಎಂಬಲ್ಲಿ ನಾನು ಇರುವುದು ‘ನನ’ದಲ್ಲಿ. ‘ಗೆ’ಗೆ ಬರೀ ಚತುರ್ಥಿಯ ಕೆಲಸ. ನಿನಗೆ, ಅವನಿಗೆ, ಬೆಕ್ಕಿಗೆ, ಎಲ್ಲರಿಗೂ ಅದೇ ‘ಗೆ’. ಇಂಡೊನೇಷ್ಯಾದ ‘ಕು’ ಹಾಗಲ್ಲ, ಅಲ್ಲಿ ‘ಕು’ ಅಂದರೇ ‘ನನ್ನ’. ‘ಆಕು’ ಅಂದರೆ ನಾನು, ಅದರ ಗಿಡ್ಡ ರೂಪ ಇದು. ಹಾಗೇ ‘ಕಾಮು’ ಅಂದರೆ ನೀನು, ಪದದ ಕೊನೆಗೆ ಅಂಟುವ ಬಾಲವಾದಾಗ ಬರೀ ‘ಮು’. ಅವನ, ಅವಳ, ಅದರ ಎಂಬುದಕ್ಕೆಲ್ಲ ‘ನ್ಯ’. ರುಮಾಕು, ರುಮಾಮು, ರುಮಾನ್ಯ: ನನ್ನ ಮನೆ, ನಿನ್ನ ಮನೆ, ಅವನ ಅಥವಾ ಅವಳ ಮನೆ. ಸದ್ದು ಒಂದೇ ಅಂತ ಸಂಬಂಧ ಕಟ್ಟಬಾರದು ಎಂದು ನೀವೇ ಎಷ್ಟೋ ಮಕ್ಕಳಿಗೆ ಹೇಳಿರುತ್ತೀರಿ, ಅಲ್ವಾ?

ಈ ಬಾಲದ ಗತ್ತು ನೋಡಿ. ಸಂಸ್ಕೃತದ ಸ್ತ್ರೀ ಅಷ್ಟು ದೂರ ಹೋಗಿ ‘ಇಸ್ತ್ರಿಕು’ ಆಗುತ್ತಾಳೆ. ಪೋರ್ಚುಗೀಸರ ಮೇಜು ‘ಮೆಜಾಕು’. ಅರಬ್ಬಿಯ ಕಿತಾಬು ‘ಕಿತಾಬ್‌ಕು’. ಬಂದವರು ಯಾರೇ ಇರಲಿ, ಆ ಮನೆಯ ಬಾಲ ಅಂಟಿಸಿಕೊಂಡೇ ಒಳಗೆ ಬರಬೇಕು. ಸುಮಾತ್ರಾದ ಪಾಲೆಂಬಾಂಗ್ ಬಳಿ 1920ರಲ್ಲಿ ಒಂದು ಕಲ್ಲು ಸಿಕ್ಕಿತು. ಕೆಡುಕಾನ್ ಬುಕಿತ್ ಶಾಸನ, ಕ್ರಿ.ಶ. 683ರದ್ದು, ಲಿಪಿ ಪಲ್ಲವರದು, ಭಾಷೆ ಹಳೆಯ ಮಲಯ, ಅಂದರೆ ಇಂದಿನ ಇಂಡೊನೇಷ್ಯಾದ ಭಾಷೆಯ ಪೂರ್ವಜ. ‘ಸ್ವಸ್ತಿ ಶ್ರೀ’ ಎಂದು ಶಕವರ್ಷ ಹೇಳಿ ಶುರುವಾಗುತ್ತದೆ. ನಮ್ಮೂರ ದೇವಸ್ಥಾನದ ಮುಂದಿನ ಕಲ್ಲನ್ನೇ ಓದಿದ ಹಾಗಿರುತ್ತದೆ. ಶುಕ್ಲಪಕ್ಷ, ವೈಶಾಖ, ಲಕ್ಷ ಎಲ್ಲ ಇವೆ. ಆಮೇಲೆ ಕಾಲ್ನಡಿಗೆಯ ಸೈನಿಕರ ಲೆಕ್ಕ ಬರುತ್ತದೆ, 1312 ಜನ. ಆ ಅಂಕಿಯ ಬೆನ್ನಿಗೇ ‘ವಞಕ್ಞ’ ಎಂಬ ಪದ. ಇಂದಿನ ‘ಬಾನ್ಯಕ್‌ನ್ಯ’, ಅಂದರೆ ‘ಅದರ ಎಣಿಕೆ’. ಅಷ್ಟೆಲ್ಲ ಸಂಸ್ಕೃತದ ನಡುವೆ ಆ ‘ನ್ಯ’ ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂತಿದೆ. ನಾವು ‘ಸ್ವಸ್ತಿ ಶ್ರೀ’ಗೆ ಹಿಗ್ಗುತ್ತೇವೆ. ನನಗೆ ಹಿಗ್ಗು ಆ ‘ನ್ಯ’ ಕಂಡಾಗ.

ಹಾಗಾದರೆ ‘ಕು’ವಿನ ನಿಜವಾದ ಅಣ್ಣತಮ್ಮಂದಿರು ಎಲ್ಲಿದ್ದಾರೆ? ‘ನನ್ನ ಕಣ್ಣು’ ಎಂಬುದನ್ನೇ ತಗೊಳ್ಳಿ. ಇಂಡೊನೇಷ್ಯಾದಲ್ಲಿ ‘ಮತಾಕು’. ಫಿಲಿಪ್ಪೀನ್ಸಿನ ತಗಲೊಗ್‌ನಲ್ಲಿ ‘ಮತಾ ಕೊ’. ಪೂರ್ವಕ್ಕೆ ಫಿಜಿಯಲ್ಲಿ ‘ಮತಂಗು’. ಪಶ್ಚಿಮಕ್ಕೆ, ಇಡೀ ಹಿಂದೂ ಮಹಾಸಾಗರ ದಾಟಿದರೆ, ಆಫ್ರಿಕಾದ ಪಕ್ಕದ ಮಡಗಾಸ್ಕರಿನಲ್ಲಿ ‘ಮಾಸುಕು’. (ನಮ್ಮ ಮಸುಕಿಗೂ ಅದಕ್ಕೂ ಸಂಬಂಧವಿಲ್ಲ, ದಯವಿಟ್ಟು ಅದರ ಬಗ್ಗೆ ಇನ್ನೊಂದು ಪತ್ರ ಬೇಡ.) ಡಚ್ಚರ ಫ್ರೆಡರಿಕ್ ಡಿ ಹೌಟ್‌ಮನ್ ಎಂಬಾತ ಸುಮಾತ್ರಾದ ‘ಅಚೆ’ ಎಂಬ ರಾಜ್ಯದಲ್ಲಿ ಅಲ್ಲಿನ ಸುಲ್ತಾನನ ಸೆರೆಯಲ್ಲಿದ್ದಾಗ ಮಲಯ ಕಲಿತ. 1603ರಲ್ಲಿ ಮಲಯ ಮತ್ತು ಮಡಗಾಸ್ಕರಿನ ಭಾಷೆ ಎರಡಕ್ಕೂ ಸೇರಿಸಿ ಒಂದು ಪದಕೋಶ ಅಚ್ಚು ಹಾಕಿಸಿದ. ಮಡಗಾಸ್ಕರಿನ ಭಾಷೆಗೆ ತೀರಾ ಹತ್ತಿರದ ನೆಂಟ ಬೋರ್ನಿಯೊ ದ್ವೀಪದ ಮಾಆನ್ಯಾನ್ ಎಂದು ನಾರ್ವೆಯ ಓಟೊ ಡಾಲ್ 1951ರಲ್ಲಿ ತೋರಿಸಿದರು. ದೋಣಿಯಲ್ಲಿ ಹೋದವರು ಬಾಲವನ್ನು ಬಿಟ್ಟು ಹೋಗಲಿಲ್ಲ.

ಫಿಜಿಯವರದು ಇನ್ನೂ ಸೊಗಸು. ಅಮ್ಮ, ತಲೆ, ಕೈ ಇಂಥವಕ್ಕೆ ಬಾಲ ನೇರವಾಗಿ ಅಂಟುತ್ತದೆ. ‘ತಿನಂಗು’ ಅಂದರೆ ನನ್ನಮ್ಮ. ಮನೆಗೆ ಹಾಗೆ ಅಂಟಿಸುವಂತಿಲ್ಲ, ಮನೆಯನ್ನು ಮಾರಬಹುದಲ್ಲ. ಅದಕ್ಕೆ ‘ನೊಂಗು’ ಎಂಬ ಬೇರೆ ಪದ ಮುಂದೆ ಬರಬೇಕು. ತೆಂಗಿನಕಾಯಿಗಂತೂ ಮೂರು ಥರ. ತಿನ್ನುವುದಾದರೆ ‘ಕೆಂಗು ನಿಯು’, ಕುಡಿಯುವುದಾದರೆ ‘ಮೆಂಗು ನಿಯು’, ಸುಮ್ನೆ ನನ್ನ ಆಸ್ತಿಯಾದರೆ ‘ನೊಂಗು ನಿಯು’. ಮೂರರಲ್ಲೂ ಕೊನೆಗಿರುವುದು ಅದೇ ‘ಕು’, ಮೂಗಿನಲ್ಲಿ ಹೇಳಿದ್ದು. ತೆಂಗಿನ ತೋಟದವರಾದ ನಮಗೆ ಇದು ಹೊಳೆಯಲಿಲ್ಲವಲ್ಲ ಎಂದು ನನಗೆ ಹೊಟ್ಟೆಕಿಚ್ಚೇ ಆಗುತ್ತದೆ.

ಇಂಥ ಬಾಲ ಆ ದ್ವೀಪಗಳವರ ಸ್ವತ್ತು ಮಾತ್ರ ಅಲ್ಲ. ದುಬೈನಿಂದ ರಜೆಗೆ ಬರುವ ಮಂಗಳೂರಿನ ಹುಡುಗರ ‘ಹಬೀಬಿ’ಯ ಕೊನೆಯ ‘ಈ’ ಅರಬ್ಬಿಯ ‘ನನ್ನ’. ‘ಮೌಲಾನಾ’ದ ‘ನಾ’ ಅಂದರೆ ‘ನಮ್ಮ’. ಗಜಲಿನ ‘ಜಾನಮ್’ನಲ್ಲಿರುವ ‘ಅಮ್’ ಫಾರಸಿಯ ‘ನನ್ನ’. ಬೀದರಿನಲ್ಲೂ ವಿಜಯಪುರದಲ್ಲೂ ಮನೆಮನೆಯಲ್ಲಿರುವ ‘ಬೇಗಂ’ ಕೂಡ ತುರ್ಕಿಯ ಇಂಥದೇ ಬಾಲದ್ದು ಎನ್ನುತ್ತಾರೆ.

ಕನ್ನಡ? ನಮ್ಮಲ್ಲಿ ನಾಮಪದಕ್ಕೆ ಈ ಬಾಲವಿಲ್ಲ, ಕ್ರಿಯಾಪದಕ್ಕೆ ಇದೆ. ‘ಬಂದೆನು’ ಎಂಬಲ್ಲಿ ‘ಎನ್’ ಕೂತಿದ್ದಾನೆ, ವಚನಗಳ ‘ಎನ್ನ’, ‘ಎನಗೆ’ಯಲ್ಲಿರುವವನೇ. ಕಾಲ್ಡ್‌ವೆಲ್ 1856ರಲ್ಲೇ ತಮ್ಮ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣದಲ್ಲಿ ಇದನ್ನು ಬರೆದರು. ಕೇಶಿರಾಜ ಇನ್ನೂ ಮುಂಚೆ, 13ನೇ ಶತಮಾನದಲ್ಲಿ, ಈ ಪ್ರತ್ಯಯಗಳನ್ನು ಸಾಲಾಗಿ ಕೂರಿಸಿದ್ದ. ವಿದ್ವಾಂಸರು ಹೇಳುವುದಿಲ್ಲ ಎಂದಿರಿ. ಹೇಳಿದ್ದಾರೆ ಮೇಷ್ಟ್ರೇ, ಕೇಳುವವರು ಕಡಿಮೆ. ಕಿಟ್ಟೆಲ್ ಎಂದರೆ ಎಲ್ಲರಿಗೂ 1894ರ ನಿಘಂಟು. 1903ರಲ್ಲಿ ಅವರೇ ಬರೆದ ವ್ಯಾಕರಣವನ್ನು ತೆರೆದು ನೋಡಿದವರು ಎಷ್ಟು ಜನ?

ಪ್ರತ್ಯಯವೂ ಸಾಲ ಬರುತ್ತದೆ ಎಂದು ನೀವು ವಾದಿಸಬಹುದು. ಬರುತ್ತದೆ, ‘ಪಾಲುದಾರ’ನ ‘ದಾರ’ ಫಾರಸಿಯದು. ಆದರೆ ನಾನು, ನೀನು ಎನ್ನುವ ಬಾಲವನ್ನು ಹಾಗೆ ಸುಲಭಕ್ಕೆ ಯಾರೂ ಕಡ ಕೊಡುವುದಿಲ್ಲ, ಯಾರೂ ಕೇಳುವುದೂ ಇಲ್ಲ.

ನಾನು, ನೀನು ಎನ್ನುವ ಬಾಲವಿಲ್ಲದಿದ್ದರೂ ನಮ್ಮ ನಾಮಪದಕ್ಕೆ ‘ಗೆ’, ‘ಇಂದ’, ‘ಅಲ್ಲಿ’ ಎಂಬ ವಿಭಕ್ತಿಯ ಬಾಲಗಳಿವೆ. ಅವನ್ನು ಈಗ ಮೊಬೈಲು ಕತ್ತರಿಸುತ್ತಿದೆ. ‘ಶಿವಮೊಗ್ಗ ಗೆ ಹೋಗುವ ಬಸ್ಸು’, ‘ನಿಮ್ಮ ಖಾತೆ ಇಂದ ಹಣ’, ‘ಬೆಂಗಳೂರು ನಲ್ಲಿ ಮಳೆ’. ಇಂಗ್ಲಿಷಿನ ಅಚ್ಚಿನಲ್ಲಿ ಹೆಸರಿಗೊಂದು ಖಾಲಿ ಜಾಗ ಬಿಟ್ಟು, ಮುಂದೆ ‘ಗೆ’ಯನ್ನು ಒಂಟಿಯಾಗಿ ನಿಲ್ಲಿಸುತ್ತಾರೆ. ಇಂಡೊನೇಷ್ಯಾದವರು 1972ರ ಕಾಗುಣಿತ ಸುಧಾರಣೆಯಲ್ಲಿ ಕು, ಮು, ನ್ಯ ಮೂರನ್ನೂ ಪದಕ್ಕೆ ಅಂಟಿಸಿಯೇ ಬರೆಯಬೇಕು ಎಂದು ನಿಯಮ ಮಾಡಿಕೊಂಡರು. ಶಾಲೆಯ ಮಕ್ಕಳೂ ಹಾಗೇ ಬರೆಯುತ್ತಾರೆ. ನಮ್ಮಲ್ಲಿ ಇದನ್ನು ಹೇಳಿದರೆ ‘ಇವರದೊಂದು ಕಾಟ’ ಎನ್ನುತ್ತಾರೆ. ಮೊನ್ನೆ ಅಂಥದೊಂದು ಸಂದೇಶ ಬಂದಾಗ ಸಹಾಯವಾಣಿಗೆ ಫೋನ್ ಮಾಡಿ ಅರ್ಧ ಗಂಟೆ ಕಾದೆ. ಕೊನೆಗೆ ಸಿಕ್ಕ ಹುಡುಗಿ ಪೂರ್ತಿ ಕೇಳಿಸಿಕೊಂಡು, ‘ಸರ್, ದುಡ್ಡೇನಾದ್ರೂ ಜಾಸ್ತಿ ಕಟ್ ಆಗಿದ್ಯಾ?’ ಎಂದಳು. ಇಲ್ಲಮ್ಮ ಎಂದೆ. ‘ಹಾಗಿದ್ರೆ ದೂರು ಬರೆದುಕೊಳ್ಳೋಕೆ ಆಗಲ್ಲ ಸರ್’ ಎಂದು ಇಟ್ಟುಬಿಟ್ಟಳು.