ಸ್ಕ್ಯಾನ್ ಕ್ಲಿಯರ್ ಇದೆ, ಮರ ಹತ್ಬಹುದಾ ಮೇಡಂ?

ಮೆದುಳಿನ ಗಡ್ಡೆ ಆಪರೇಷನ್ ಆಗಿ ಆಪ್ತಸಲಹೆಗೆ ಅಂತ ನನ್ನ ಹತ್ರ ಬಂದೋರು ಇಂಥದ್ದನ್ನೇ ಕೇಳ್ತಾರೆ, ಹಳೇ ಕೆಲಸಕ್ಕೆ ಹೋಗ್ಬಹುದಾ ಅಂತ, ಲೈನ್‌ಮನ್‌ಗಳು, ಲಾರಿ ಡ್ರೈವರ್‌ಗಳು, ಗಾರೆ ಕೆಲಸದೋರು. ಅದಕ್ಕೇ ಒಬ್ರ ವಿಷಯ ಬರೀತಿದೀನಿ, ಗುರುತು ಸಿಗದ ಹಾಗೆ.

ಮಲೆನಾಡಿನ ಅಡಿಕೆ ಕೊನೆಗಾರರು, ಅಂದ್ರೆ ಮರ ಹತ್ತಿ ಅಡಿಕೆ ಗೊನೆ ಕೊಯ್ಯೋರು. ಮೆನಿಂಜಿಯೋಮ, ಕ್ಯಾನ್ಸರ್ ಅಲ್ಲದ ಗಡ್ಡೆ, ಪೂರ್ತಿ ತೆಗ್ದಾಗಿತ್ತು. ದೀಪಾವಳಿ ಕಳೆದ್ರೆ ಕೊನೆ ಕೊಯ್ಲು, ತೋಟದೋರ ಫೋನ್ ಬರ್ತಿತ್ತು, ಹೆಂಡ್ತಿಗೆ ಹೆದ್ರಿಕೆಯಾಗಿ ಅವ್ರೇ ಕರ್ಕೊಂಡು ಬಂದಿದ್ರು.

ಮಾತಿನ ಮಧ್ಯೆ ಆಕೆ ಅಂದ್ರು, "ಮೊನ್ನೆ ಊಟಕ್ಕೆ ಕೂತಾಗ ಇವ್ರ ಕೈ ತಾನಾಗೇ ಅದುರ್ತು, ತುತ್ತು ಬಿದ್ದೋಯ್ತು." ಡಾಕ್ಟ್ರಿಗೆ ಹೇಳಿದ್ರಾ ಅಂದೆ. "ಹೇಳಿದ್ರೆ ಮರ ಹತ್ಬೇಡ ಅಂತಾರಲ್ಲ ಮೇಡಂ" ಅಂದ್ರು ಇವ್ರು. ಯಾವ ಕೈ ಅಂದೆ. ಬಲಗೈ ಮುಂದೆ ಮಾಡಿದ್ರು. ಕತ್ತಿ ಹಿಡಿಯೋ ಕೈ, ತುದೀಲಿ ನಿಂತು ಪಕ್ಕದ ಮರ ಎಳ್ಕೊಂಡು ದಾಟೋ ಕೈ. ಅದನ್ನ ನಾನು ಬಾಯಿ ಬಿಟ್ಟು ಹೇಳ್ಲಿಲ್ಲ. ಅವ್ರು ಸ್ವಲ್ಪ ಹೊತ್ತು ಕೈನೇ ನೋಡ್ತಾ ಕೂತು, "ಕೆಳಗೆ ಕೊನೆ ಇಳಿಸೋ ಹಗ್ಗ ಹಿಡಿಯೋದು ನನ್ ತಮ್ಮನ ಮಗ" ಅಂದ್ರು.

ನಾನು ನೇರವಾಗೇ ಹೇಳ್ದೆ, ಈ ಸಲ ಹತ್ಬೇಡಿ, ಮುಂದೆ ಯಾವಾಗ ಅನ್ನೋದನ್ನ ಡಾಕ್ಟ್ರು ಹೇಳ್ಲಿ. ಆಪ್ತಸಲಹೆಗಾರರು ಹೀಗೆ ಹೇಳ್ಬಾರ್ದು, ತೀರ್ಮಾನ ಅವ್ರಿಗೇ ಬಿಡ್ಬೇಕು ಅಂತ ಜೊತೆಲಿ ಕೆಲಸ ಮಾಡೋರೊಬ್ರು ಅಂದ್ರು. ನಾನಿದನ್ನ ಒಪ್ಪಲ್ಲ. ಡಾಕ್ಟ್ರಿಂದ ಮುಚ್ಚಿಟ್ಟು ಮಾಡೋ ತೀರ್ಮಾನ ಹೆದ್ರಿಕೆಯಿಂದ ಆಗಿರೋದು, ಅದಕ್ಕೆ ಗೌರವ ಕೊಡ್ತೀನಿ ಅಂತ ಸುಮ್ನಿರೋದು ನುಣುಚ್ಕೊಳ್ಳೋದೇ.

ಗಡ್ಡೆ ಹೋದ್ರೂ ಆ ಜಾಗದಲ್ಲಿ ಗಾಯದ ಕಲೆ ಉಳಿಯುತ್ತೆ, ಸ್ಕ್ಯಾನ್ ಕ್ಲಿಯರ್ ಇದ್ರೂ ಅಲ್ಲಿಂದ ಫಿಟ್ಸ್ ಬರಬಹುದು. ಫಿಟ್ಸ್ ಅಂದ್ರೆ ಬಿದ್ದು ಒದ್ದಾಡೋದು ಮಾತ್ರ ಅಂತ ತುಂಬಾ ಜನ ತಿಳ್ಕೊಂಡಿದಾರೆ, ಆದ್ರೆ ಪ್ರಜ್ಞೆ ಇರೋವಾಗ್ಲೇ ಒಂದು ಕೈ ಅದುರೋದು, ಬಾಯಿ ಒಂದು ಕಡೆ ಎಳೆಯೋದು, ಮಾತು ನಿಂತ್ಹೋಗೋದು ಕೂಡ ಫಿಟ್ಸ್ ಆಗಿರ್ಬಹುದು, ದಯವಿಟ್ಟು ಮುಚ್ಚಿಡ್ಬೇಡಿ. ಫಿಟ್ಸ್ ತಡೆಯೋ ಲೆವೆಟಿರಾಸೆಟಮ್ ಥರದ ಮಾತ್ರೆ ತಗೊಂಡ್ರೆ ಮಂಪರು ಅಂತ ಕೆಲವರು ತಾವಾಗೇ ಬಿಟ್ಬಿಡ್ತಾರೆ, ಅದು ಅಪಾಯ. ನಿದ್ದೆಗೆಡೋದು, ಕುಡಿಯೋದೂ ಅಷ್ಟೇ.

ಹಾಗಂತ ಬರೀ ಬೇಡ ಅಂದ್ರೆ ಅವ್ರ ಮನೆ ನಡಿಯಲ್ಲ. ಈಗ ನೆಲದ ಮೇಲೆ ನಿಂತೇ ಕೊನೆ ಇಳಿಸೋ ಕಾರ್ಬನ್ ಫೈಬರ್ ದೋಟಿ, ಅಂದ್ರೆ ಉದ್ದನೆ ಕೋಲು, ಬಂದಿದೆ, ಕೊಯ್ಯೋ ಹದ ನೋಡೋ ಕಣ್ಣಂತೂ ಇವ್ರಿಗಿದೆ. ಅದನ್ನೂ ಡಾಕ್ಟ್ರನ್ನ ಕೇಳಿ, ಜೊತೆಗೆ ಒಬ್ರನ್ನ ಇಟ್ಕೊಂಡೇ ಮಾಡಿ ಅಂದೆ.

ಅವತ್ತೇ ನನ್ನೆದುರಿಗೆ ಡಾಕ್ಟ್ರಿಗೆ ಫೋನ್ ಮಾಡಿ ಕೈ ವಿಷಯ ಹೇಳಿದ್ರು, ಮಾತ್ರೆ ಡೋಸ್ ಬದಲಾಯ್ತು. ತೋಟದೋರೊಬ್ರು ದೋಟಿ ಕೊಡ್ಸೋಕೆ ತಯಾರಿದಾರೆ. ಇವ್ರು ಮಾತ್ರ ಇನ್ನೂ ಪೂರ್ತಿ ಒಪ್ಪಿಲ್ಲ, "ಮರ ಹತ್ತದೋನು ಎಂಥಾ ಕೊನೆಗಾರ" ಅಂತಾರೆ. ಮುಂದಿನ ವಾರ ಆ ಮಾತಿಂದಾನೇ ಶುರು ಮಾಡ್ಬೇಕು.