ಹೊಸ ಹಾಯಿಗೆ ದುಡ್ಡು ಹಾಕುವ ಮೊದಲು ಸ್ಟಾರ್ಟ್ ಸರಿ ಮಾಡಿಕೊಳ್ಳಿ

ನಿಮ್ಮ ಇಲ್ಕಾ 7 (ಒಬ್ಬರೇ ಓಡಿಸುವ ಚಿಕ್ಕ ಹಾಯಿದೋಣಿ, ಹಿಂದಿನ ಹೆಸರು ಲೇಸರ್) ಓಡಿದ ಭಾನುವಾರದ ರೇಸಿನ ವಿಡಿಯೊ ಹಾಕಿ, "ಹಾರ್ನ್ ಆದಾಗ ಲೈನ್ ಮೇಲೇ ಇದ್ದೆ, ಆದರೂ ಮೊದಲ ಮಾರ್ಕಿಗೆ (ಸುತ್ತಬೇಕಾದ ತೇಲುಗುರುತಿಗೆ) ಹನ್ನೊಂದು ದೋಣಿಗಳಲ್ಲಿ ಒಂಬತ್ತನೆಯವನಾಗಿ ಹೋದೆ. ಹಾಯಿ ಹಳೇದು, ಹೊಸದು ತಗೊಳ್ಳಲೇ?" ಎಂದು ಕೇಳಿದ್ದೀರಿ. ಅದರ ಕೆಳಗೆ ಆಗಲೇ ನಾಲ್ಕು ಜನ ಯಾವ ಹಾಯಿ, ಎಲ್ಲಿಂದ ತರಿಸಬೇಕು ಎಂದು ಬರೆದಿದ್ದಾರೆ. ದಯವಿಟ್ಟು ಈಗಲೇ ತಗೊಳ್ಳಬೇಡಿ. ಎರಡನೇ ರೇಸಿನ ಕೊನೆಯ ಒಂದು ನಿಮಿಷ ಇನ್ನೊಂದು ಸಲ ನೋಡಿ. ರೇಸ್ ನಡೆಸುವವರ ಕಮಿಟಿ ಬೋಟಿಗೂ ಎಡತುದಿಯ ತೇಲುಗುರುತು ಪಿನ್ನಿಗೂ ನಡುವಿನ ಕಾಲ್ಪನಿಕ ಗೆರೆಯೇ ಸ್ಟಾರ್ಟ್ ಲೈನ್. ನೀವು ಆ ಬೋಟಿನ ಪಕ್ಕದಲ್ಲಿ, ಲೈನಿಗಿಂತ ಅರ್ಧ ದೋಣಿ ಕೆಳಗೆ (ಗಾಳಿ ಬರುವ ಕಡೆ ಮೇಲೆ, ಹೋಗುವ ಕಡೆ ಕೆಳಗೆ), ಮೂತಿಯನ್ನು ಗಾಳಿಗೆ ನೇರ ಕೊಟ್ಟು ನಿಂತಿದ್ದೀರಿ. ಹಾರ್ನ್ ಆದ ಮೇಲೆ ಬ್ಲಾಕಿಗೆ ಬ್ಲಾಕ್ (ರಾಟೆಗೆ ರಾಟೆ) ತಾಗುವವರೆಗೂ ಹಾಯಿ ಎಳೆಯುವ ಹಗ್ಗವಾದ ಮೇನ್‌ಶೀಟ್ ಎಳೆದಿರಿ. ದೋಣಿ ಮುಂದೆ ಹೋಗಲಿಲ್ಲ, ಪಕ್ಕಕ್ಕೆ ಜಾರಿತು. ಅಷ್ಟರಲ್ಲಿ ಹಿಂದಿನಿಂದ ಓಡಿಕೊಂಡು ಬಂದ ಇಬ್ಬರು ನಿಮ್ಮ ಮೇಲುಬದಿಯಲ್ಲಿ ದಾಟಿದರು. ಅಲ್ಲಿಂದ ಮಾರ್ಕಿನವರೆಗೂ ನೀವು ಅವರ ಹಾಯಿ ಕೆಡಿಸಿದ ಗಾಳಿಯಲ್ಲೇ ಇದ್ದಿರಿ. ಎರಡು ಸೀಸನ್ ಇದೇ ತಪ್ಪು ಮಾಡಿದವನು ನಾನು, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಹಲ್ (ದೋಣಿಯ ಒಡಲು) ಒಂದೇ 59 ಕೆ.ಜಿ. ಮಾಸ್ಟ್ (ಹಾಯಿಕಂಬ), ಬೂಮ್ (ಹಾಯಿಯ ಬುಡದ ಅಡ್ಡಕಂಬ), ಹಾಯಿ, ಒದ್ದೆ ಬಟ್ಟೆಯ ನೀವು ಎಲ್ಲ ಸೇರಿದರೆ ಒಂದೂವರೆ ಕ್ವಿಂಟಲ್ ಹತ್ತಿರ. ಅಷ್ಟು ಭಾರ ನಿಂತಲ್ಲಿಂದ ಓಟ ಹಿಡಿಯಬೇಕು. ಡ್ಯಾಗರ್‌ಬೋರ್ಡ್ (ತಳದಿಂದ ನೀರಿಗೆ ಇಳಿಬಿಡುವ ಹಲಗೆ) ಹಿಡಿತ ಕೊಡುವುದು ಅದರ ಎರಡೂ ಬದಿಯಲ್ಲಿ ನೀರು ಹರಿಯುತ್ತಿರುವಾಗ ಮಾತ್ರ. ನಿಂತ ದೋಣಿಯಲ್ಲಿ ಅದು ಬರೀ ಹಲಗೆ. ಆಗ ಹಾಯಿಯನ್ನು ಪೂರ್ತಿ ಎಳೆದರೆ ಅದರ ಬಲವೆಲ್ಲ ಅಡ್ಡಕ್ಕೆ ಹೋಗುತ್ತದೆ, ದೋಣಿ ಕೆಳಗೆ ಜಾರುತ್ತದೆ. ಹೊಸ ಹಾಯಿ ಹಾಕಿದ್ದರೂ ಇಷ್ಟೇ ಆಗುತ್ತಿತ್ತು.

ನನ್ನ ಲೆಕ್ಕದಲ್ಲಿ ಸ್ಟಾರ್ಟಿಗೆ ಎರಡು ವಿಷಯ ಗೊತ್ತಿದ್ದರೆ ಸಾಕು. ನಿಮ್ಮ ದೋಣಿ ಓಟ ಹಿಡಿಯಲು ಎಷ್ಟು ಸೆಕೆಂಡಿನ ಎಣಿಕೆ ಬೇಕು, ಮತ್ತು ಲೈನ್ ನಿಜವಾಗಿ ಎಲ್ಲಿದೆ.

ಎಣಿಕೆಯನ್ನು ಅವತ್ತಿನ ಗಾಳಿಯಲ್ಲೇ ತೆಗೆಯಬೇಕು. ಮೊದಲ ಬಾವುಟಕ್ಕೆ ಹತ್ತು ನಿಮಿಷ ಮುಂಚೆ ಯಾವುದಾದರೂ ತೇಲುಗುರುತಿನ ಪಕ್ಕ ಹಾಯಿ ಬಿಟ್ಟು ನಿಲ್ಲಿ. ಮೂತಿಯನ್ನು ಹತ್ತು ಹದಿನೈದು ಡಿಗ್ರಿ ಕೆಳಗೆ ಬಿಟ್ಟು, ಹಾಯಿ ಎಳೆದು, ಪೂರ್ತಿ ವೇಗ ಬಂತು ಅನ್ನಿಸುವವರೆಗೆ ಎಣಿಸಿ. ಮೂರು ಸಲ ಮಾಡಿ. 5 ನಾಟ್ (ಗಂಟೆಗೆ ಸುಮಾರು 9 ಕಿ.ಮೀ.) ಗಾಳಿಯಲ್ಲಿ ಹತ್ತರ ಆಸುಪಾಸು ಬರಬಹುದು, 10 ನಾಟ್‌ನಲ್ಲಿ ಐದಾರು. ನನ್ನ ಅಂಕಿ ಇಟ್ಟುಕೊಳ್ಳಬೇಡಿ, ನಿಮ್ಮದೇ ತೆಗೆಯಿರಿ. ಅಷ್ಟು ಹೊತ್ತಿನಲ್ಲಿ ಎಷ್ಟು ದೋಣಿ ಉದ್ದ ಮುಂದೆ ಹೋದಿರಿ ಎಂದೂ ನೋಡಿ. ಲೈನಿನ ಕೆಳಗೆ ನೀವು ಕಾಯಬೇಕಾದ ದೂರ ಅದೇ. ಅರ್ಧ ದೋಣಿ ದೂರದಲ್ಲಿ ಕಾದರೆ ಓಡಲು ಜಾಗವೇ ಇರುವುದಿಲ್ಲ.

ಇನ್ನು ಲೈನ್. ಕಮಿಟಿ ಬೋಟಿನ ಬಲಕ್ಕೆ, ಲೈನಿನ ಆಚೆ ಹೋಗಿ. ಬೋಟಿನ ಬಾವುಟದ ಕಂಬ, ಪಿನ್ ಎರಡನ್ನೂ ಒಂದೇ ಗೆರೆಗೆ ತಂದು, ಆ ಗೆರೆ ಎದುರು ದಡದಲ್ಲಿ ಎಲ್ಲಿಗೆ ಬೀಳುತ್ತದೆ ನೋಡಿ. ಹೈಟೆನ್ಷನ್ ಟವರ್, ನೀರಿನ ಟ್ಯಾಂಕ್, ಗೋಪುರ, ಒಂಟಿ ತೆಂಗಿನಮರ ಯಾವುದಾದರೂ ಆಗಬಹುದು. ದಡಕ್ಕೆ ಕಟ್ಟಿದ ತೆಪ್ಪ, ನಿಂತ ಟ್ರ್ಯಾಕ್ಟರ್ ಬೇಡ. ಸ್ಟಾರ್ಟ್ ಹೊತ್ತಿಗೆ ಅವು ಅಲ್ಲಿರುವುದಿಲ್ಲ. ಕೆ.ಆರ್.ಎಸ್.ನಂಥ ಹಿನ್ನೀರಿನಲ್ಲಿ 124.80 ಅಡಿ ತುಂಬಿದಾಗಿನ ದಡವೇ ಬೇರೆ, ಬೇಸಿಗೆಯ ದಡವೇ ಬೇರೆ. ಹೋದ ತಿಂಗಳ ಗುರುತು ಈ ತಿಂಗಳಿಗೆ ಆಗುವುದಿಲ್ಲ, ಪ್ರತಿ ರೇಸಿಗೂ ಹೊಸದಾಗಿ ತೆಗೆಯಬೇಕು.

ಈಗ ಲೈನಿನ ಕೆಳಗೆ ಬಂದು ಪಿನ್ ಕಡೆ ನೋಡಿ. ತೆಂಗಿನಮರ ಪಿನ್ನಿನ ಎಡಕ್ಕೆ ಕಂಡರೆ ನೀವಿನ್ನೂ ಕೆಳಗಿದ್ದೀರಿ. ಪಿನ್ನಿನ ಹಿಂದೆ ಸರಿಯಾಗಿ ಕೂತರೆ ನಿಮ್ಮ ಕಣ್ಣು ಲೈನಿನ ಮೇಲಿದೆ. ಬಲಕ್ಕೆ ಕಂಡರೆ ದಾಟಿದ್ದೀರಿ. ಬಹಳ ಜನ ಎಡವುವುದು ಎರಡನೆಯದರಲ್ಲಿ. ಕಣ್ಣು ಲೈನಿಗೆ ಬಂದಾಗ ಮೂತಿ ಆಗಲೇ ಆಚೆ ಇರುತ್ತದೆ. ದೋಣಿ 4.23 ಮೀಟರ್ ಉದ್ದ. ಕಾಕ್‌ಪಿಟ್ಟಿನ ಮುಂದಂಚಿಗೆ ಒತ್ತಿ ಕೂತರೂ ಕಣ್ಣಿಂದ ಮೂತಿಗೆ ಎರಡು ಮೀಟರ್ ದಾಟುತ್ತದೆ. ದೋಣಿ ಲೈನಿಗೆ ಓರೆಯಾಗಿ ಬರುವುದರಿಂದ ಲೆಕ್ಕಕ್ಕೆ ಸುಮಾರು ಒಂದೂವರೆ ಮೀಟರ್. ಹಾಗಾಗಿ ಹಾರ್ನ್ ಆಗುವಾಗ ಮರ ಪಿನ್ನಿನ ಎಡಕ್ಕೆ ಸ್ವಲ್ಪ ಕಾಣಿಸುತ್ತಲೇ ಇರಬೇಕು. ಎಷ್ಟು ಎಂದು ತಿಳಿಯಲು ಪಿನ್ನಿನಿಂದ ಒಂದೂವರೆ ಮೀಟರ್ ಎಡಕ್ಕೆ ಇನ್ನೊಂದು ಪಿನ್ ಇದೆ ಎಂದುಕೊಳ್ಳಿ. ಲೈನಿನ ನಡುವೆ ನಿಂತಿದ್ದರೆ ಆ ಕಾಲ್ಪನಿಕ ಪಿನ್ ಮರವನ್ನು ದಾಟಿಹೋಗಬಾರದು. ನಾಲ್ಕು ಸಲ ಅಭ್ಯಾಸ ಮಾಡಿದರೆ ಕಣ್ಣಿಗೆ ಕೂರುತ್ತದೆ.

ಗುರುತು ಇಲ್ಲದವರು ಲೈನಿನ ನಡುವೆ ಹೆದರಿ ಒಂದು ದೋಣಿ, ಒಂದೂವರೆ ದೋಣಿ ಕೆಳಗೇ ಉಳಿಯುತ್ತಾರೆ. ನಿಮ್ಮ ವಿಡಿಯೊದಲ್ಲೂ ನೋಡಿ, ನಡುವಿನ ಸಾಲು ಬಿಲ್ಲಿನಂತೆ ಬಾಗಿದೆ. ಗುರುತು ಇದ್ದವನಿಗೆ ಅದು ಪುಕ್ಕಟೆ ಸಿಗುವ ಜಾಗ. ಕಮಿಟಿ ಬೋಟ್ ಪಕ್ಕದ ಜಂಗುಳಿಗೆ ಯಾಕೆ ಹೋಗುತ್ತೀರಿ? ಅಲ್ಲಿ ಮೇಲಿನಿಂದ ನುಗ್ಗಿದರೆ ಕೆಳಗಿನ ದೋಣಿ ನಿಮಗೆ ಜಾಗ ಬಿಡಬೇಕಾಗಿಲ್ಲ. ಸ್ಟಾರ್ಟ್ ಮಾಡಲು ಬರುವವರಿಗೆ ಸ್ಟಾರ್ಟ್ ಮಾರ್ಕಿನಲ್ಲಿ ಮಾರ್ಕ್ ರೂಮ್, ಅಂದರೆ ಮಾರ್ಕ್ ದಾಟಲು ಕೇಳಬಹುದಾದ ಜಾಗ, ಇಲ್ಲ. ಮೂರನೇ ರೇಸಿನಲ್ಲಿ ಜಾಗ ಬಿಡಿ ಎಂದು ನೀವು ಕೂಗಿದ್ದು ತಪ್ಪು, ಕೆಳಗಿನ ದೋಣಿಯ ಹುಡುಗಿ ಸರಿಯಾಗೇ ಇದ್ದಳು. ಮುಂದಿನ ವಾರ ಸಿಕ್ಕಾಗ ಅವಳಿಗೆ ಒಂದು ಮಾತು ಹೇಳಿಬಿಡಿ.

ಯಾವ ತುದಿ ಲಾಭ ಎಂದು ನೋಡಲು ಸುಲಭದ ದಾರಿ ಇದೆ. ಲೈನಿನ ಮೇಲೇ ಪಿನ್ ಕಡೆ ಓಡುತ್ತಾ ಹಾಯಿ ಪಟಪಟ ನಿಲ್ಲುವಷ್ಟೇ ಎಳೆದು ಶೀಟ್ ಹಿಡಿದುಕೊಳ್ಳಿ. ತಿರುಗಿ ಅದೇ ಅಳತೆಯಲ್ಲಿ ಕಮಿಟಿ ಬೋಟ್ ಕಡೆ ಬನ್ನಿ. ಹಾಯಿ ಪಟಪಟಿಸಿದರೆ ಕಮಿಟಿ ತುದಿ ಲಾಭ, ತುಂಬಿ ಬಿಗಿಯಾಗಿದ್ದರೆ ಪಿನ್. ಗಾಳಿ ಹೊಯ್ದಾಡುವ ದಿನ ಎರಡು ನಿಮಿಷ ಇರುವಾಗ ಇನ್ನೊಮ್ಮೆ ನೋಡಿ. ಸುತ್ತ ಕಟ್ಟಡ, ಮರಗಳಿರುವ ಹಲಸೂರು ಕೆರೆಯಂಥ ಕಡೆ ಐದು ನಿಮಿಷದಲ್ಲಿ ಲಾಭದ ತುದಿಯೇ ಬದಲಾಗಬಹುದು. ಅಲ್ಲಿ ನಾನಾದರೆ ನಡುವೆಯೇ ಹೋಗುತ್ತೇನೆ.

ಕೊನೆಯ ಒಂದು ನಿಮಿಷ ಹೀಗೆ. ಸ್ಟಾರ್‌ಬೋರ್ಡ್ ಟ್ಯಾಕಿನಲ್ಲಿ (ಗಾಳಿ ಬಲಬದಿಯಿಂದ ಬರುವಂತೆ), ನಿಮ್ಮ ದೂರದಲ್ಲಿ, ಹಾಯಿ ಬಿಟ್ಟು, ಮೂತಿಯನ್ನು ಗಾಳಿಗೆ 45ರಿಂದ 50 ಡಿಗ್ರಿಯಲ್ಲಿ ಇಟ್ಟುಕೊಳ್ಳಿ. ಗಾಳಿಗೆ ನೇರ ಕೊಡಬೇಡಿ. ಕೊಟ್ಟರೆ ಚುಕ್ಕಾಣಿಗೆ ನೀರು ಸಿಗದೆ ದೋಣಿ ಸಿಕ್ಕಿಬೀಳುತ್ತದೆ, ಬಿಡಿಸಿಕೊಳ್ಳಲು ಟಿಲ್ಲರ್ (ಚುಕ್ಕಾಣಿಯ ಹಿಡಿ) ಗುದ್ದಾಡಿದರೆ, ಮೈಬಲದಿಂದ ದೋಣಿ ನೂಕುವುದನ್ನು ತಡೆಯುವ 42ನೇ ನಿಯಮ ಅಡ್ಡ ಬರುತ್ತದೆ. ಕೆಳಬದಿಯಲ್ಲಿ ಒಂದೂವರೆ ದೋಣಿಯಷ್ಟು ಖಾಲಿ ಜಾಗ ಕಾಯ್ದುಕೊಳ್ಳುವುದೇ ಇಡೀ ಕೆಲಸ. ಹಿಂದಿನಿಂದ ಯಾರಾದರೂ ಆ ಜಾಗಕ್ಕೆ ಕಣ್ಣು ಹಾಕಿದರೆ ಮೂತಿಯನ್ನು ಅವರ ಕಡೆ ಇಳಿಸಿ ತೋರಿಸಿ, ಹೆಚ್ಚಿನವರು ಬೇರೆ ಜಾಗ ಹುಡುಕುತ್ತಾರೆ. ಬಂದೇ ಬಂದರೆ ಕೂಡಲೇ ಮೇಲಕ್ಕೆ ಸರಿದು ಹೊಸ ಜಾಗ ಮಾಡಿಕೊಳ್ಳಿ. ಅವರು ಕೆಳಗಿನ ದೋಣಿ, ದಾರಿ ಬಿಡಬೇಕಾದವರು ನೀವೇ. ಬಂದ ತಕ್ಷಣ ನಿಮಗೆ ಸರಿಯಲು ಅವಕಾಶ ಕೊಡುವುದು ಮಾತ್ರ ಅವರ ಹೊಣೆ. 25 ಸೆಕೆಂಡ್ ಇದ್ದಾಗಲೂ ಜಾಗ ಇಲ್ಲ ಎನಿಸಿದರೆ ಪೋರ್ಟಿಗೆ ಟ್ಯಾಕ್ ಮಾಡಿ, ಅಂದರೆ ಗಾಳಿ ಎಡಬದಿಯಿಂದ ಬರುವಂತೆ ತಿರುಗಿ, ಎಲ್ಲರ ಹಿಂದೆ ಹಾದು ಖಾಲಿ ಗಾಳಿಗೆ ಹೋಗಿ. ಐದು ದೋಣಿ ಉದ್ದ ಕಳೆದುಕೊಂಡರೂ ಸರಿ, ಕೆಟ್ಟ ಗಾಳಿಯಲ್ಲಿ ಕೂರುವುದಕ್ಕಿಂತ ಅದು ಅಗ್ಗ.

ನಿಮ್ಮ ಎಣಿಕೆ ಹತ್ತು ಎಂದಿದ್ದರೆ ಹನ್ನೊಂದು ಸೆಕೆಂಡ್ ಉಳಿದಾಗ ಮೂತಿ ಇಳಿಸಿ. ಆ ಖಾಲಿ ಜಾಗ ಬೇಕಾಗುವುದು ಇದಕ್ಕೇ. ದೋಣಿ ತುಸು ಕೆಳಬದಿಗೆ ವಾಲಲಿ. ಮೂರು ಮಾರು ಶೀಟ್ ಎಳೆಯುತ್ತಾ ಮೈಯನ್ನು ಹೊರಗೆ ಚಾಚಿ ದೋಣಿಯನ್ನು ಸಪಾಟಾಗಿಸಿ. ಆಗ ಟಿಲ್ಲರ್ ಕೈಯಲ್ಲಿ ಹಗುರಾಗುತ್ತದೆ, ಹಿಂದೆ ನೀರು ಗುಳುಗುಳು ಎನ್ನುವುದು ನಿಂತು ಸೀಳುವ ಸದ್ದು ಬರುತ್ತದೆ. ಆ ಸದ್ದು ಬರುವವರೆಗೆ ಬ್ಲಾಕುಗಳ ನಡುವೆ ಒಂದು ಗೇಣು ಬಿಟ್ಟಿರಿ. ವೇಗ ಬಂದ ಮೇಲೆ ಮೂತಿ ಮೇಲೆತ್ತಿ, ಆಮೇಲೆ ಉಳಿದದ್ದನ್ನು ಎಳೆಯಿರಿ.

ಒಂದು ಎಚ್ಚರಿಕೆ. ಸಮಯ ಬಾವುಟದ್ದು, ಹಾರ್ನಿನದ್ದಲ್ಲ. ಐದು ನಿಮಿಷ, ನಾಲ್ಕು ನಿಮಿಷ, ಒಂದು ನಿಮಿಷ ಉಳಿದಾಗಿನ ಸೂಚನೆ, ಸ್ಟಾರ್ಟ್ ಎಲ್ಲಕ್ಕೂ ಬಾವುಟ ಏರುವ ಇಲ್ಲವೇ ಇಳಿಯುವ ಕ್ಷಣವೇ ಲೆಕ್ಕ. ವಾಚನ್ನು ಐದಕ್ಕೆ ಒತ್ತಿ, ನಾಲ್ಕಕ್ಕೆ ಸರಿಪಡಿಸಿ. ನಾಲ್ಕಕ್ಕೆ ಏರುವ ಬಾವುಟ ಯಾವುದು ಎಂದೂ ನೋಡಿ. ಪಿ ಅಕ್ಷರದ ಬಾವುಟ ಆದರೆ ಸ್ಟಾರ್ಟಿಗೆ ಮುಂಚೆ ಲೈನ್ ದಾಟಿದವರು ಪೂರ್ತಿ ಕೆಳಗಿಳಿದು ಮತ್ತೆ ಹೊರಟರೆ ಸಾಕು. ಐ ಆಗಿದ್ದು, ಕೊನೆಯ ನಿಮಿಷದಲ್ಲಿ ದಾಟಿದ್ದರೆ ಯಾವುದಾದರೂ ತುದಿ ಸುತ್ತಿಯೇ ಬರಬೇಕು. ಕೊನೆಯ ನಿಮಿಷದಲ್ಲಿ ದಾಟಿದವರನ್ನು ರೇಸಿನಿಂದಲೇ ಹೊರಹಾಕುವ ಕಪ್ಪು ಬಾವುಟದ ದಿನ ನಾನು ಹೇಳಿದ ಅಳತೆಗೆ ಇನ್ನರ್ಧ ದೋಣಿ ಸೇರಿಸಿಕೊಳ್ಳಿ. ವಾಚಿಗೆ ಹೆಚ್ಚು ದುಡ್ಡು ಬೇಡ. ಕೌಂಟ್‌ಡೌನ್ ಇರುವ ಸಾಧಾರಣ ಕ್ಯಾಸಿಯೊ ಸಾಕು, ಅಂಕಿ ದೊಡ್ಡದಿರಲಿ.

ಸೆಟ್ಟಿಂಗ್ ಬಗ್ಗೆ ಎರಡು ಮಾತು. 5 ನಾಟ್ ಗಾಳಿಗೆ ವ್ಯಾಂಗನ್ನು (ಬೂಮನ್ನು ಕೆಳಗೆಳೆಯುವ ಹಗ್ಗವನ್ನು) ಅಷ್ಟು ಬಿಗಿ ಕಟ್ಟುವುದು ಯಾರು ಕಲಿಸಿದರು? ಶೀಟನ್ನು ಬ್ಲಾಕಿಗೆ ಬ್ಲಾಕ್ ಎಳೆದು, ವ್ಯಾಂಗಿನ ಸಡಿಲು ಮಾತ್ರ ತೆಗೆದು ಬಿಡಿ. ಶುರುವಿಗೆ ಅಷ್ಟೇ. ಕನಿಂಗ್‌ಹ್ಯಾಮ್ (ಹಾಯಿಯ ಮುಂದಂಚನ್ನು ಕೆಳಗೆಳೆಯುವ ಹಗ್ಗ) ಪೂರ್ತಿ ಬಿಡಿ, ಮಾಸ್ಟ್ ಪಕ್ಕ ಸುಕ್ಕು ಕಂಡರೆ ಕಾಣಲಿ. ದೋಣಿಯ ಹಿಂಭಾಗದಲ್ಲಿ ಅಡ್ಡಕ್ಕೆ ಕಟ್ಟಿ ಶೀಟಿನ ಬ್ಲಾಕ್ ಓಡುವ ಟ್ರಾವೆಲರ್ ಹಗ್ಗ ಮಾತ್ರ ಯಾವ ಗಾಳಿಯಲ್ಲೂ ತಂತಿಯಷ್ಟು ಬಿಗಿ ಇರಬೇಕು. ನಿಮ್ಮದು ಟಿಲ್ಲರ್ ಮೇಲೆ ಜೋತು ಬಿದ್ದಿದೆ, ಬ್ಲಾಕ್ ನಡುವಿಗೆ ಬಂದು ನಿಲ್ಲುತ್ತಿದೆ. ಟೆಲ್‌ಟೇಲಿಗೆ (ಗಾಳಿಯ ಹರಿವು ತೋರಲು ಹಾಯಿಗೆ ಅಂಟಿಸುವ ಎಳೆಗೆ) ಉಣ್ಣೆ ದಾರ ಬೇಡ, ಒದ್ದೆಯಾದರೆ ಹಾಯಿಗೆ ಅಂಟಿ ಸುಳ್ಳು ಹೇಳುತ್ತದೆ. ಹಳೆಯ ಕ್ಯಾಸೆಟ್ ಟೇಪಿನ ಗೇಣುದ್ದದ ತುಂಡು ಎಲ್ಲಕ್ಕಿಂತ ಚೆನ್ನ. ಹಾಯಿ ಹಳೆಯದಾಗಿ ಹೊಟ್ಟೆ ಹಿಂದಕ್ಕೆ ಸರಿದಿದ್ದರೆ ಗಾಳಿ ಏರಿದಾಗ ಕನಿಂಗ್‌ಹ್ಯಾಮನ್ನು ಬೇರೆಯವರಿಗಿಂತ ಮುಂಚೆ, ಜಾಸ್ತಿ ಎಳೆಯಿರಿ. ಇನ್ನೊಂದು ವರ್ಷ ಬರುತ್ತದೆ.

ದುಡ್ಡು ಹಾಕಲೇಬೇಕು ಎಂದಿದ್ದರೆ ಬೇರೆ ಮಾತು ಹೇಳುತ್ತೇನೆ. ನೀವು 64 ಕೆ.ಜಿ. ಎಂದು ಬರೆದಿದ್ದೀರಿ. ಆ ಮೈತೂಕಕ್ಕೆ ಮುಂಗಾರಿನ ಪಡುವಣ ಗಾಳಿಯಲ್ಲಿ ಇಲ್ಕಾ 7ರ 7.06 ಚದರ ಮೀಟರ್ ಹಾಯಿ ಹೆಚ್ಚಾಯಿತು. ಹಲ್ ಅದೇ ಇರಲಿ, ಅದೇ ದೋಣಿಗೆ ಹಾಕುವ ಚಿಕ್ಕ ಹಾಯಿಯ ಇಲ್ಕಾ 6ರ ಕೆಳ ಮಾಸ್ಟ್ ಮತ್ತು 5.76ರ ಹಾಯಿ ಹುಡುಕಿ. ಸೆಕೆಂಡ್ ಹ್ಯಾಂಡ್ ಆದರೂ ಸರಿ. ಅದು ಚಿಕ್ಕ ಮಕ್ಕಳ ಹಾಯಿ ಎಂದು ಗುಂಪಿನಲ್ಲಿ ಯಾರೋ ಬರೆದಿದ್ದರು. ಟೋಕಿಯೊ, ಪ್ಯಾರಿಸ್ ಎರಡೂ ಒಲಿಂಪಿಕ್ಸಿಗೆ ಹೋದ ನೇತ್ರಾ ಕುಮನನ್ ಓಡಿಸಿದ್ದು ಇದೇ ರಿಗ್ (ಮಾಸ್ಟ್, ಹಾಯಿಯ ಜೋಡಿ). ಕ್ಲಬ್ ರೇಸಿಗೆ ಟ್ರೇನಿಂಗ್ ಹಾಯಿ ನಡೆಯುತ್ತದೆ, ರಾಷ್ಟ್ರಮಟ್ಟದ ರೆಗಾಟಾಕ್ಕೆ (ಹಾಯಿದೋಣಿ ಪಂದ್ಯಾವಳಿಗೆ) ಇಲ್ಕಾ ಸಂಘ ಒಪ್ಪಿದ ಕ್ಲಾಸ್ ಹಾಯಿಯೇ ಬೇಕು. ಅದಾದ ಮೇಲೆ ಒಳ್ಳೆಯ ರ‍್ಯಾಚೆಟ್ ಬ್ಲಾಕ್ ತಗೊಳ್ಳಿ. ನಾನು ಹಾರ್ಕನ್ ಕಂಪನಿಯ 57 ಎಂ.ಎಂ. ರ‍್ಯಾಚಮ್ಯಾಟಿಕ್ ಹೇಳುತ್ತೇನೆ, ಭಾರ ಬಿದ್ದಾಗ ತಾನೇ ಹಿಡಿಯುತ್ತದೆ, ಬಿಟ್ಟಾಗ ಸರಾಗ ಓಡುತ್ತದೆ. ಬ್ಲಾಕಿಗೆ ಎಣ್ಣೆ, ಡಬ್ಲ್ಯೂಡಿ-40 ಹೊಡೆಯಬೇಡಿ, ದೂಳು ಹಿಡಿದು ಸವೆಯುತ್ತದೆ. ಸಿಹಿನೀರಲ್ಲಿ ತೊಳೆದರೆ ಸಾಕು.

ದೋಣಿಯೊಳಗೆ ನೀರಿದೆಯಾ ನೋಡಿದ್ದೀರಾ? ರೇಸ್ ಮುಗಿದ ಮೇಲೆ ಹಿಂದಿನ ಬಿರಡೆ ತೆಗೆದು ಮೂತಿ ಎತ್ತಿ, ಹೊರಬಂದದ್ದನ್ನು ಅಳೆಯಿರಿ. ಐದು ಲೀಟರ್ ಎಂದರೆ ಐದು ಕೆ.ಜಿ. ಹೊತ್ತು ಓಡಿದ್ದೀರಿ. ಸೋರುವ ಜಾಗ ಹುಡುಕಲು ಸಾಬೂನು ನೀರು ಬಳಿದು ಬಿರಡೆಯ ತೂತಿನಿಂದ ಬಾಯಿಂದ ಊದಿ, ಗುಳ್ಳೆ ಎದ್ದ ಕಡೆ ಗುರುತು ಹಾಕಿ. ಸೈಕಲ್ ಪಂಪ್, ಕಂಪ್ರೆಸರ್ ಬೇಡವೇ ಬೇಡ, ಡೆಕ್ ಮತ್ತು ಹಲ್ಲಿನ ಬೆಸುಗೆ ಬಿಟ್ಟೀತು. ಮಾಸ್ಟ್ ಕೂರುವ ಕುಳಿಗೆ ಕಂಠಮಟ್ಟ ನೀರು ತುಂಬಿ ಅರ್ಧ ಗಂಟೆ ಬಿಡಿ. ಮಟ್ಟ ಇಳಿದರೆ ಆ ದೋಣಿಯನ್ನು ರಿಪೇರಿ ಆಗುವವರೆಗೆ ಗಾಳಿಗೆ ಇಳಿಸಬೇಡಿ. ದಡದ ಮರಳು ಮಾಸ್ಟ್ ಬುಡಕ್ಕೆ ಅಂಟಿ ಒಳಗೆ ಅರೆಯುವುದರಿಂದಲೇ ಅದು ತೂತಾಗುವುದು. ಮಾಸ್ಟ್ ನಿಲ್ಲಿಸುವ ಮೊದಲು ಬುಡವನ್ನೂ ಕುಳಿಯನ್ನೂ ಒಂದು ಚೊಂಬು ನೀರಲ್ಲಿ ತೊಳೆಯಿರಿ.

ಮುಂದಿನ ಸಲ ವಿಡಿಯೊವನ್ನು ದಡದಿಂದ ತೆಗೆಸಬೇಡಿ. ಪಿನ್ನಿನ ಆಚೆ ನಿಲ್ಲುವ ರೆಸ್ಕ್ಯೂ ಬೋಟಿನವರ ಕೈಗೆ ಫೋನ್ ಕೊಟ್ಟು, ಲೈನಿನ ಉದ್ದಕ್ಕೇ ನೋಡುವಂತೆ ಕೊನೆಯ ಒಂದು ನಿಮಿಷ ಹಿಡಿಯಲು ಹೇಳಿ. ಹಾರ್ನಿಗೆ ಹತ್ತು ಸೆಕೆಂಡ್ ಮುಂಚೆ ಮತ್ತು ಆದ ಮೇಲೆ ಹತ್ತು ಸೆಕೆಂಡಿಗೆ ನಿಮ್ಮ ಮೂತಿ ಎಲ್ಲಿತ್ತು ಎಂಬ ಎರಡು ಚಿತ್ರ ಇಲ್ಲಿ ಹಾಕಿ, ಅವನ್ನು ನೋಡಿ ಮುಂದಿನದನ್ನು ಹೇಳುತ್ತೇನೆ.