ವಿಂಗ್‌ಸೂಟ್‌ನಲ್ಲಿ (ಕೈಕಾಲುಗಳ ನಡುವೆ ಬಟ್ಟೆಯ ರೆಕ್ಕೆ ಇರುವ ಉಡುಪಿನಲ್ಲಿ) ಹಾರುವಾಗ ಪ್ಯಾರಾಚೂಟ್ ಎಷ್ಟು ಎತ್ತರದಲ್ಲಿ ತೆರೆಯಬೇಕು?

ಹೊಸಬರಾದರೆ, ನೆಲದಿಂದ 5000 ಅಡಿ ಮೇಲಿರುವಾಗಲೇ ತೆರೆದುಬಿಡಿ.

ಇಲ್ಲಿ ‘ನೆಲದಿಂದ’ ಅನ್ನೋದೇ ಮುಖ್ಯ. ನಮ್ಮ ಚಿತ್ರದುರ್ಗ ಸಮುದ್ರಮಟ್ಟದಿಂದ ಸುಮಾರು 2400 ಅಡಿ ಎತ್ತರದಲ್ಲಿದೆ. ಎತ್ತರ ತೋರಿಸುವ ಆಲ್ಟಿಮೀಟರ್ ಸಮುದ್ರಮಟ್ಟದ ಲೆಕ್ಕದಲ್ಲಿ 5000 ತೋರಿಸಿದರೆ, ಊರಾಚೆಯ ಬಯಲಿಗೆ ಉಳಿದಿರುವುದು 2600 ಅಷ್ಟೇ! ಅದಕ್ಕೇ ಇಳಿಯುವ ಜಾಗದ ಎತ್ತರಕ್ಕೆ ಸೊನ್ನೆ ಹೊಂದಿಸಿಕೊಳ್ಳಬೇಕು. ಜೋಗಿಮಟ್ಟಿ ಕಡೆ ತೇಲಿದರೆ ಗುಡ್ಡವೇ ಮೇಲೆದ್ದು ಬರುತ್ತದೆ, ಅದು ಬೇರೆ ಮಾತು.

ಇಷ್ಟು ಜಾಸ್ತಿ ಎತ್ತರ ಯಾಕೆ? ಸೂಟ್‌ನ ಹಿಂದೆ ಗಾಳಿ ಸುಳಿಯಾಗಿ ತಿರುಗುತ್ತಿರುತ್ತದೆ. ನೀವು ಎಸೆದ ಪೈಲಟ್ ಚೂಟ್ (ದೊಡ್ಡ ಪ್ಯಾರಾಚೂಟನ್ನು ಹೊರಗೆಳೆಯುವ ಪುಟ್ಟ ಚೂಟ್) ಅದರಲ್ಲಿ ಸಿಕ್ಕಿ ಬೆನ್ನ ಹಿಂದೆಯೇ ಒದ್ದಾಡಬಹುದು. ತೆರೆದ ಮೇಲೂ ಹಗ್ಗಗಳು ಹುರಿಗೊಳ್ಳುವುದು ಮಾಮೂಲು. ಬಿಡಿಸೋಣ ಅಂದರೆ, ಎಷ್ಟೋ ಸೂಟ್‌ಗಳಲ್ಲಿ ಮೊದಲು ತೋಳಿನ ಜಿಪ್ ಎಳೆಯಬೇಕು, ಆಮೇಲೆ ಕೈ ಮೇಲೆತ್ತಬೇಕು. ಅಷ್ಟರಲ್ಲಿ ನೂರಾರು ಅಡಿ ಖಾಲಿ.

ತಾನಾಗಿಯೇ ರಿಸರ್ವ್ (ತುರ್ತಿಗೆ ಇರುವ ಎರಡನೇ ಪ್ಯಾರಾಚೂಟ್) ತೆರೆಯುವ ಯಂತ್ರ ಇದೆಯಲ್ಲ ಅನ್ನಬೇಡಿ. ಅದು ಕೆಲಸ ಮಾಡುವುದು ನೀವು ತುಂಬಾ ವೇಗವಾಗಿ ಬೀಳುತ್ತಿದ್ದರೆ ಮಾತ್ರ. ವಿಂಗ್‌ಸೂಟ್‌ನಲ್ಲಿ ಬೀಳುವ ವೇಗವೇ ಕಡಿಮೆ, ಹಾಗಾಗಿ ಅದು ಸುಮ್ನೆ ಕೂತುಬಿಡಬಹುದು. ಅಂದಹಾಗೆ, 200 ಸಾಮಾನ್ಯ ಜಿಗಿತ ಮುಗಿಸದೆ ಈ ಸೂಟ್ ಮುಟ್ಟಲೇಬೇಡಿ.